ಅತ್ತೆ ಮಾವನ ಜೊತೆ ಆರ್‌ವಿಯಲ್ಲಿ ಯು.ಪಿ.: ಮನೆಯಾಗಿ ಚೆನ್ನ, ಗಾಡಿಯಾಗಿ ಅಷ್ಟಕ್ಕಷ್ಟೆ

ಅಮೆರಿಕದ ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾಗೆ, ಅಂದರೆ ಯು.ಪಿ.ಗೆ, ಆರ್‌ವಿ (ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಎಲ್ಲಾ ಒಳಗೇ ಇರೋ ಗಾಡಿ) ಬಾಡಿಗೆಗೆ ತಗೊಂಡು ಹೋಗಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಜೊತೆಗೆ ವಯಸ್ಸಾದವರು ಇದ್ದರೆ ಧಾರಾಳವಾಗಿ ಹೋಗಿ. ಗಂಡ ಹೆಂಡತಿ ಇಬ್ಬರೇ ಆದರೆ ಕಾರು, ಹೋಟೆಲೇ ವಾಸಿ.

ನಮ್ಮ ಜೊತೆ ತೀರ್ಥಹಳ್ಳಿಯಿಂದ ಬಂದ ಅತ್ತೆ ಮಾವ ಇದ್ದರು. ಮಾವನಿಗೆ ಸಕ್ಕರೆ ಕಾಯಿಲೆ. ಯು.ಪಿ.ಯಲ್ಲಿ ಒಂದು ಊರು ಬಿಟ್ಟರೆ ಇನ್ನೊಂದು ಊರಿನ ತನಕ ಬರೀ ಕಾಡು. ಗಾಡಿಯೊಳಗೇ ಟಾಯ್ಲೆಟ್ ಇದೆ ಅನ್ನೋ ಒಂದೇ ಮಾತಿಗೆ ಅವರು ಟ್ರಿಪ್ಪಿಗೆ ಒಪ್ಪಿದ್ದು.

ನಾವು ತಗೊಂಡಿದ್ದು 25 ಅಡಿಯ ಸಿ ಕ್ಲಾಸ್ ಆರ್‌ವಿ. ಡ್ರೈವರ್ ತಲೆಯ ಮೇಲೆ ಒಂದು ಹಾಸಿಗೆ, ಹಿಂದೆ ಒಂದು. ಇದಕ್ಕೂ ದೊಡ್ಡದು ಬೇಡ, ಸಣ್ಣ ಊರಿನ ಪೆಟ್ರೋಲ್ ಬಂಕಿನಲ್ಲಿ ತಿರುಗಿಸೋದೇ ಒಂದು ಕೆಲಸ ಆಗುತ್ತದೆ. ಲೈಸೆನ್ಸು ಮಾಮೂಲಿ ಕಾರಿನದೇ ಸಾಕು. ನಮ್ಮವರು ಹಿಂದೇಟು ಹಾಕಿದ್ದರಿಂದ ಸ್ಟೇರಿಂಗ್ ನನ್ನ ಪಾಲಿಗೆ ಬಂತು. ಓಡಿಸೋಕೆ ಕಷ್ಟ ಅಂತಲ್ಲ, ಆದರೆ ಸುಖ ಇಲ್ಲ. ಪ್ರತಿ ಗುಂಡಿಗೂ ಡ್ರಾಯರ್‌ನಲ್ಲಿರೋ ಚಮಚ, ಸೌಟು ಎಲ್ಲಾ ಕುಣಿಯುತ್ತವೆ. ಯು.ಪಿ.ಗೆ ದಾಟಿಸೋ ಮ್ಯಾಕಿನಾ ಸೇತುವೆ ಮೇಲಂತೂ ಗಾಳಿ ಪಕ್ಕದಿಂದ ತಳ್ಳುತ್ತದೆ. 1957ರಲ್ಲಿ ತೆರೆದ, ಸುಮಾರು 5 ಮೈಲಿ ಉದ್ದದ ಸೇತುವೆ ಅದು. ಒಳಗಿನ ಲೇನ್ ಕಬ್ಬಿಣದ ಜಾಲರಿ, ಕೆಳಗೆ ನೀರು ಕಾಣುತ್ತದೆ. ಹೊರಗಿನ ಲೇನಿಗೆ ರಸ್ತೆ ಹಾಸಿದ್ದಾರೆ, ಅದರಲ್ಲೇ ಹೋಗಿ. ಮಾವ ಮುಂದಿನ ಸೀಟಿನಲ್ಲಿ ಕೂತು ದಡ ಮುಟ್ಟುವ ತನಕ "ನಿಧಾನ ಕಣಮ್ಮಾ" ಅನ್ನುತ್ತಲೇ ಇದ್ದರು.

ಆದರೆ ಗಾಡಿ ನಿಲ್ಲಿಸಿದ ಮೇಲೆ ಅದರ ಗುಣವೇ ಬೇರೆ. ಮೂರು ಒಲೆಯ ಗ್ಯಾಸ್ ಸ್ಟೋವ್, ಸಿಂಕು, ಫ್ರಿಜ್ಜು, ಬಿಸಿನೀರು ಎಲ್ಲಾ ಇದೆ. ಫ್ರಿಜ್ಜು ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುತ್ತದೆ, ಆದರೆ ಗಾಡಿ ಸಮವಾಗಿ ನಿಂತಿರಬೇಕು. ವಾಲಿದರೆ ಸರಿಯಾಗಿ ತಣ್ಣಗಾಗಲ್ಲ. ಈ ಇಲಾಖೆ ಮಾವನದಾಯಿತು. ಊಟದ ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ಅಂಚಿನ ತನಕ ನೀರು ತುಂಬಿ ಇಟ್ಟು, "ಎಡಗಡೆ ಇನ್ನೊಂದು ಹಲಗೆ" ಅಂತ ಒಳಗಿಂದ ಕೂಗುತ್ತಿದ್ದರು. ನಮ್ಮವರು ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆ ಇಡುತ್ತಿದ್ದರು. ಮೊಸರು ಒಂದು ದಿನವೂ ಹುಳಿಯಾಗಲಿಲ್ಲ.

ಒಗ್ಗರಣೆ ಮಾತ್ರ ಈ ಗಾಡಿಗೆ ಆಗಿಬರಲ್ಲ. ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದ ತಕ್ಷಣ ಸ್ಮೋಕ್ ಅಲಾರ್ಮ್ ಕಿರುಚುತ್ತದೆ. "ಇದಕ್ಕೇನು ಬಂತು ರೋಗ?" ಅಂತ ಅತ್ತೆ ಸೌಟು ಎತ್ತಿಕೊಂಡು ಬಾಗಿಲಿಗೇ ಓಡಿದರು. ಮೇಲಿನ ಕಿಂಡಿ ತೆರೆದು, ಫ್ಯಾನ್ ಹಾಕಿದರೂ ಪ್ರಯೋಜನ ಕಡಿಮೆ. ಒಂದು ಸಣ್ಣ ಕ್ಯಾಂಪ್ ಸ್ಟೋವ್ ಇಟ್ಟುಕೊಳ್ಳಿ, ಒಗ್ಗರಣೆಯನ್ನು ಹೊರಗಿನ ಮೇಜಿನ ಮೇಲೆ ಹಾಕಿ. ಕೊತ್ತಂಬರಿ, ಹಸಿಮೆಣಸಿನಕಾಯಿ ಮನೆಯಿಂದಲೇ ತಗೊಂಡು ಹೋಗಿ.

ಹೊರಗಿನ ತಿಂಡಿಯಲ್ಲಿ ಮನಸ್ಸಿಗೆ ಹಿಡಿಸಿದ್ದು ಪಾಸ್ಟಿ. ತಾಮ್ರದ ಗಣಿಗೆ ಬಂದ ಕಾರ್ನಿಷ್ ಕಾರ್ಮಿಕರ ಊಟ ಅದು. ನಮ್ಮ ಕರಿಗಡುಬಿನ ದೊಡ್ಡಣ್ಣನ ಹಾಗಿದೆ, ಬೇಯಿಸಿರೋದು ಓವನ್‌ನಲ್ಲಿ. ಒಳಗೆ ಮಾಂಸ, ಆಲೂಗಡ್ಡೆ ಇರುತ್ತದೆ. ಕೆಲವು ಅಂಗಡಿಗಳಲ್ಲಿ ವೆಜ್ ಕೂಡ ಸಿಗುತ್ತದೆ, ಕೇಳಿ ತಗೊಳ್ಳಿ. ಅತ್ತೆಗೆ ಉಪ್ಪು ಖಾರ ಏನೂ ಸಾಲದು, ಉಪ್ಪಿನಕಾಯಿ ಹಚ್ಚಿಕೊಂಡು ತಿಂದರು.

ಪ್ಯಾರಡೈಸ್ ಅನ್ನೋ ಪುಟ್ಟ ಊರಿನ ಹತ್ತಿರ ಟಕ್ವಾಮನನ್ ಜಲಪಾತ ಇದೆ. ಮೇಲಿನ ಜಲಪಾತ ಸುಮಾರು 200 ಅಡಿ ಅಗಲ. ನೀರು ಕಂದು ಬಣ್ಣ, ಕೊಳೆಯಲ್ಲ, ಜೌಗಿನ ಮರಗಳಿಂದ ಇಳಿದ ಟ್ಯಾನಿನ್ ಅನ್ನೋ ಕಂದು ಸತ್ವ. ಅಲ್ಲಿಂದ ಉತ್ತರಕ್ಕೆ ವೈಟ್‌ಫಿಶ್ ಪಾಯಿಂಟ್‌ನಲ್ಲಿ ಮುಳುಗಿದ ಹಡಗುಗಳ ಮ್ಯೂಸಿಯಂ. 1975ರ ನವೆಂಬರ್‌ನಲ್ಲಿ 29 ಜನರ ಸಮೇತ ಮುಳುಗಿದ ಎಡ್ಮಂಡ್ ಫಿಟ್ಜೆರಾಲ್ಡ್ ಹಡಗಿನ ಗಂಟೆ ಅಲ್ಲಿದೆ. ಆದರೆ ಮಾವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮಾನಿಸ್ಟೀಕ್ ಹತ್ತಿರದ ಕಿಚ್-ಇಟಿ-ಕಿಪಿ. 40 ಅಡಿ ಆಳದ ಬುಗ್ಗೆ, ತಳದ ಮರಳು ಕುದಿಯೋದು ಕಾಣುವಷ್ಟು ತಿಳಿನೀರು. ನಿಮಿಷಕ್ಕೆ 10,000 ಗ್ಯಾಲನ್‌ಗೂ ಜಾಸ್ತಿ ಉಕ್ಕುತ್ತದೆ. ಚಕ್ರ ತಿರುಗಿಸುತ್ತಾ ತೆಪ್ಪವನ್ನು ನಾವೇ ನಡೆಸಬೇಕು. ಮಾವ ಚಕ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಪಿಕ್ಚರ್ಡ್ ರಾಕ್ಸ್ ಅನ್ನೋ ಕೆರೆದಡದ ಬಣ್ಣದ ಬಂಡೆಗಳಿಗೆ ಮ್ಯೂನಿಸಿಂಗ್ ಊರಿನಲ್ಲಿ ಗಾಡಿ ನಿಲ್ಲಿಸಿ ದೋಣಿಯಲ್ಲಿ ಹೋಗಿ. ಬಂಡೆಗಳ ಬಣ್ಣ ಚೆನ್ನಾಗಿ ಕಾಣೋದು ನೀರಿನ ಕಡೆಯಿಂದಲೇ.

ಈಗ ಯಾರೂ ಹೇಳದ ವಿಷಯ, ಡಂಪಿಂಗ್, ಅಂದರೆ ಗಾಡಿಯ ಕೊಳಕು ನೀರಿನ ಟ್ಯಾಂಕು ಖಾಲಿ ಮಾಡೋದು. ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕ್, ಸಿಂಕು, ಸ್ನಾನದ್ದು ಗ್ರೇ ಟ್ಯಾಂಕ್. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಡಬೇಕು, ಆಗ ಪೈಪು ತಾನೇ ತೊಳೆದುಕೊಳ್ಳುತ್ತದೆ. ಬಾಡಿಗೆ ಕೊಟ್ಟವರ ಪೈಪಿನ ಕೊಕ್ಕೆ ಮುರಿದಿತ್ತು. ಅದು ಗೊತ್ತಾಗಿದ್ದು ಡಂಪ್ ಸ್ಟೇಷನ್‌ನಲ್ಲಿ, ಹಿಂದೆ ಗಾಡಿಗಳ ಸಾಲು ನಿಂತಿರುವಾಗ! ಮ್ಯೂನಿಸಿಂಗ್‌ನಲ್ಲಿ ಹೊಸದು ಕೊಂಡೆವು. ವಾಪಸ್ ಬಂದು ರಸೀದಿ ತೋರಿಸಿದರೆ, ತಗೊಂಡು ಹೋಗುವಾಗಲೇ ನೋಡಬೇಕಿತ್ತು ಅಂದರು. ಆಯ್ತಪ್ಪ, ಆದರೆ ಕೀ ಕೊಡುವಾಗ ಟಿವಿ ರಿಮೋಟ್ ಬಗ್ಗೆ ಅಷ್ಟು ಹೊತ್ತು ಹೇಳಿದವರು ಪೈಪಿನ ಡಬ್ಬ ತೆರೆದೂ ತೋರಿಸಲಿಲ್ಲ, ಅಲ್ವಾ? ಸೇವೆಗೆ ನನ್ನಿಂದ ಐದಕ್ಕೆ ಎರಡು.

ಖರ್ಚಿನಲ್ಲಿ ಉಳಿತಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗ್ಯಾಲನ್‌ಗೆ ಒಂಬತ್ತು ಮೈಲಿ ಕೊಟ್ಟರೆ ಹೆಚ್ಚು. ನಮಗೆ ಮೈಲಿ ಲೆಕ್ಕದ ಚಾರ್ಜು, ಜನರೇಟರಿಗೆ ಗಂಟೆ ಲೆಕ್ಕ ಬೇರೆ. ಅದಕ್ಕೇ ದಿನಾ ಊರು ಬದಲಾಯಿಸಬೇಡಿ, ಒಂದೊಂದು ಕಡೆ ಎರಡು ರಾತ್ರಿಯಾದರೂ ಇರಿ. ಸ್ಟೇಟ್ ಪಾರ್ಕುಗಳಲ್ಲಿ ಕರೆಂಟಿರುವ ಸೈಟು ಸಿಕ್ಕರೆ ಜನರೇಟರ್ ಬೇಕಿಲ್ಲ. ಬುಕಿಂಗ್ ಆರು ತಿಂಗಳು ಮೊದಲೇ ಶುರುವಾಗುತ್ತದೆ, ವಾರಾಂತ್ಯದ್ದು ಬೇಗ ಖಾಲಿ. ಜೂನ್‌ನಲ್ಲಿ ಸೊಳ್ಳೆ, ಕಪ್ಪು ನೊಣದ ಕಾಟ ಜಾಸ್ತಿ. ಸೆಪ್ಟೆಂಬರ್ ನೋಡಿಕೊಳ್ಳಿ.