ಚಾಕು ತಡೆಯುವ ಆರು ವಾರಗಳ ತರಗತಿ: ಒಬ್ಬ ವಿದ್ಯಾರ್ಥಿಯ ಅಭಿಪ್ರಾಯ

ಕುವೆಂಪುನಗರದಲ್ಲಿ ನನ್ನ ಮಗಳು ಎರಡು ವರ್ಷಗಳಿಂದ ಕರಾಟೆ ಕಲಿಯುತ್ತಿರುವ ಶಾಲೆಯವರು ಈ ಬೇಸಿಗೆಯಲ್ಲಿ ದೊಡ್ಡವರಿಗೆಂದು ಆರು ವಾರಗಳ ಆತ್ಮರಕ್ಷಣಾ ತರಗತಿ ನಡೆಸಿದರು. ವಾರಕ್ಕೆ ಮೂರು ದಿನ, ಸಂಜೆ ಆರೂವರೆಯಿಂದ ಎಂಟರವರೆಗೆ, ಶುಲ್ಕ 3,500 ರೂಪಾಯಿ. ಬಾಗಿಲ ಪಕ್ಕದ ಭಿತ್ತಿಪತ್ರದಲ್ಲಿ ‘ಚಾಕು ದಾಳಿಯಿಂದ ಪಾರಾಗಲು ಸಂಪೂರ್ಣ ತರಬೇತಿ’ ಎಂದಿತ್ತು. ಮಗಳನ್ನು ಒಳಗೆ ಬಿಟ್ಟು ಸ್ಕೂಟರಿನ ಮೇಲೆ ಕೂತು ಕಾಯುವುದಕ್ಕಿಂತ ನಾನೂ ಕಲಿಯುವುದೇ ಲೇಸೆಂದು ಸೇರಿಕೊಂಡೆ. ಶಾಲೆಯ ಹೆಸರನ್ನು ಬರೆಯುವುದಿಲ್ಲ. ನನ್ನ ತಕರಾರಿರುವುದು ‘ಸಂಪೂರ್ಣ’ ಎಂಬ ಆ ಒಂದು ಪದದ ಮೇಲೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಜಾಗ ಚೊಕ್ಕಟವಾಗಿದೆ, ಮ್ಯಾಟ್ ದಪ್ಪವಾಗಿದೆ, ಮಾಸ್ಟರ್ ಸಮಯಕ್ಕೆ ಸರಿಯಾಗಿ ಬರುತ್ತಾರೆ ಮತ್ತು ಯಾರನ್ನೂ ಗದರುವುದಿಲ್ಲ. ಬಿದ್ದಾಗ ತಲೆ ನೆಲಕ್ಕೆ ಬಡಿಯದಂತೆ ಬೀಳುವುದನ್ನು ಅವರು ಎರಡು ವಾರ ತಾಳ್ಮೆಯಿಂದ ಕಲಿಸಿದರು. ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ವಿದ್ಯೆ ಅದೇ ಇರಬಹುದು, ನಮ್ಮ ಮನೆಯ ಬಚ್ಚಲಿನ ನೆಲ ನೋಡಿದವರು ಒಪ್ಪುತ್ತಾರೆ.

ಚಾಕುವಿನ ಪಾಠ ಮೂರನೆಯ ವಾರದಲ್ಲಿ ಆರಂಭವಾಯಿತು. ಎದುರಿಗೆ ನಿಂತವನು ಮೂರು ಹೆಜ್ಜೆ ದೂರದಿಂದ ಬಲಗಾಲು ಮುಂದಿಟ್ಟು, ರಬ್ಬರ್ ಚಾಕು ಹಿಡಿದ ಕೈಯನ್ನು ಪೂರ್ತಿ ಚಾಚಿ ಒಮ್ಮೆ ತಿವಿಯುತ್ತಾನೆ, ತಿವಿದ ಕೈಯನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುತ್ತಾನೆ. ನಾವು ಪಕ್ಕಕ್ಕೆ ಸರಿದು, ಮುಂಗೈಯಿಂದ ತಡೆದು, ಮಣಿಕಟ್ಟು ಹಿಡಿದು ತಿರುಚಿ, ಚಾಕು ಕೆಳಗೆ ಬೀಳಿಸಿ, ಕೊನೆಗೊಂದು ಗುದ್ದು ಕೊಡಬೇಕು. ನೋಡಲು ಬಹಳ ಸೊಗಸಾಗಿರುತ್ತದೆ. ಇಂಥ ಕ್ರಮಬದ್ಧ ಅಭ್ಯಾಸಕ್ಕೆ ತನ್ನದೇ ಆದ ಸ್ಥಾನವಿದೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಜೂಡೋದ ಮಾತೃಸಂಸ್ಥೆಯಾದ ಕೊಡೊಕಾನ್ 1956ರಲ್ಲಿ ರೂಪಿಸಿದ ಆತ್ಮರಕ್ಷಣಾ ಕಟಾದಲ್ಲಿ, ಅಂದರೆ ಜೋಡಿಯಾಗಿ ಮಾಡುವ ಪಟ್ಟುಗಳ ನಿಗದಿತ ಸರಣಿಯಲ್ಲಿ, ಒಟ್ಟು 21 ಪಟ್ಟುಗಳಿದ್ದು, ಅವುಗಳಲ್ಲಿ ಚಾಕುವಿನ ವಿರುದ್ಧದವು ಮೂರು. ಅಲ್ಲಿಯೂ ದಾಳಿ ಮಾಡುವವನು ಮೊದಲೇ ಗೊತ್ತಾದ ರೀತಿಯಲ್ಲಿಯೇ ಬರುತ್ತಾನೆ. ಕಟಾ ಎಂದರೆ ಅದೇ. ಅದನ್ನು ಬೀದಿಜಗಳದ ತಾಲೀಮು ಎಂದು ಭಾವಿಸಿದಾಗ ಮಾತ್ರ ತೊಂದರೆ ಶುರುವಾಗುತ್ತದೆ.

ನಿಜವಾಗಿ ಇರಿಯಲು ಬರುವವನು ಮೂರು ಹೆಜ್ಜೆ ದೂರದಲ್ಲಿ ನಿಂತು ಚಾಕು ತೋರಿಸುವುದು ಅಪರೂಪ. ಮಾತಿಗೆ ಮಾತು ಬೆಳೆದು ಮೈಗೆ ಮೈ ತಾಗುವಷ್ಟು ಹತ್ತಿರ ಬಂದ ಮೇಲೆ, ಒಂದು ಕೈಯಲ್ಲಿ ಕೊರಳಪಟ್ಟಿ ಹಿಡಿದೆಳೆದು ಇನ್ನೊಂದು ಕೈಯಿಂದ ಮೇಲಿಂದ ಮೇಲೆ ತಿವಿಯುತ್ತಾನೆ. ಕೈ ಮುಂದೆ ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ಬರುವುದರಿಂದ ಹಿಡಿಯಲು ಮಣಿಕಟ್ಟು ಸಿಗುವುದೇ ಕಷ್ಟ. ತನ್ನ ಮೈಗೆ ತಗುಲಿದ್ದು ಗುದ್ದೆಂದೇ ಭಾವಿಸಿ, ರಕ್ತ ಕಂಡ ಮೇಲಷ್ಟೇ ಇರಿತವೆಂದು ಅರಿತವರೂ ಇದ್ದಾರೆ.

ಇದನ್ನು ನನಗೆ ನಾನೇ ಖಚಿತಪಡಿಸಿಕೊಳ್ಳಬೇಕೆನಿಸಿ, ಐದನೆಯ ವಾರದ ಒಂದು ಭಾನುವಾರ ಹಳೆಯ ಬಿಳಿ ಅಂಗಿ ತೊಟ್ಟು ಮಹಡಿಯ ಮೇಲೆ ನಿಂತೆ. ಯಾವ ಕುಸ್ತಿ ಕರಾಟೆಯನ್ನೂ ಕಲಿಯದ ನನ್ನ ಭಾವಮೈದುನನ ಕೈಗೆ ಮಗಳ ಕೆಂಪು ಸ್ಕೆಚ್ ಪೆನ್ ಕೊಟ್ಟು, ಹೇಗೆ ಬೇಕಾದರೂ ಬಾ ಎಂದೆ. “ಭಾವ, ನಿಜವಾಗ್ಲೂ ತಿವೀಲಾ?” ಎಂದು ಕೇಳುತ್ತಲೇ ಹತ್ತಿರ ಬಂದವನು, ನಾನು ಉತ್ತರ ಕೊಡುವ ಮೊದಲೇ ತಿವಿಯತೊಡಗಿದ್ದ. ಹತ್ತು ಸೆಕೆಂಡಿನ ಬಳಿಕ ಎಣಿಸಿದಾಗ ಹನ್ನೊಂದು ಗುರುತುಗಳಿದ್ದವು: ಮುಂಗೈಗಳ ಒಳಭಾಗದಲ್ಲಿ ಐದು, ಹೊಟ್ಟೆ ಪಕ್ಕೆಗಳಲ್ಲಿ ನಾಲ್ಕು, ತೋಳಿನ ಮೇಲೊಂದು, ಕಿವಿಯ ಕೆಳಗೆ ಕುತ್ತಿಗೆಯ ಮೇಲೊಂದು. ಒಮ್ಮೆ ಅವನ ಮಣಿಕಟ್ಟು ನನ್ನ ಕೈಗೆ ಸಿಕ್ಕಿತ್ತು. ತರಗತಿಯಲ್ಲಿ ಕಲಿತಂತೆ ತಿರುಚಲು ಹೊರಟೆ. ಬೆವರಿಗೆ ಜಾರಿತು, ಅಷ್ಟರಲ್ಲಿ ಪೆನ್ನು ಅವನ ಎಡಗೈಗೆ ದಾಟಿತ್ತು.

ದೂರದ ಲೆಕ್ಕವೂ ಇಷ್ಟೇ ಕಠಿಣ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟುಲ್ಲರ್ 1983ರಲ್ಲಿ ಪ್ರಕಟಿಸಿದ ಲೇಖನವೊಂದರ ಪ್ರಕಾರ, 21 ಅಡಿ ದೂರವನ್ನು ಚಾಕು ಹಿಡಿದವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ, ಮತ್ತು ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸಲು ತರಬೇತಾದ ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ನಮ್ಮ ತರಗತಿಯ ಮೂರು ಹೆಜ್ಜೆ ಆರೇಳು ಅಡಿಯೂ ಆಗದು.

ಈ ವಿಷಯದಲ್ಲಿ ಮೈಸೂರಿನ ಪಾರಂಪರಿಕ ಪೈಲ್ವಾನರಾದ ಜೆಟ್ಟಿಗಳು ಹೆಚ್ಚು ಪ್ರಾಮಾಣಿಕರೆಂದು ನನ್ನ ಭಾವನೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಇಬ್ಬರೂ ಮುಷ್ಟಿಗೆ ಆಯುಧ ತೊಟ್ಟೇ ಇಳಿಯುತ್ತಾರೆ, ಯಾರಾದರೊಬ್ಬರ ತಲೆಯಿಂದ ರಕ್ತ ಬಂದೊಡನೆ ಕಾಳಗ ಮುಗಿಯುತ್ತದೆ. ಆಯುಧವಿದ್ದಲ್ಲಿ ರಕ್ತ ಬಂದೇ ಬರುತ್ತದೆಂಬುದನ್ನು ಆ ಪದ್ಧತಿ ಮೊದಲೇ ಒಪ್ಪಿಕೊಂಡಿದೆ. ಫಿಲಿಪ್ಪೀನ್ಸಿನ ಅರ್ನಿಸ್ ಎಂಬ ಸಮರಕಲೆಯಲ್ಲಿಯೂ ಸಾಮಾನ್ಯವಾಗಿ ಆಯುಧ ಹಿಡಿಯುವುದೇ ಮೊದಲ ಪಾಠ, ಬರಿಗೈ ಆಮೇಲೆ. ಅಲಗು ಹೇಗೆ ಓಡಾಡುತ್ತದೆಂದು ತಿಳಿದವನಿಗೆ ಅದನ್ನು ಸುಲಭವಾಗಿ ಕಸಿದುಕೊಳ್ಳಬಹುದೆಂಬ ಭ್ರಮೆ ಇರುವುದಿಲ್ಲ. ನಮ್ಮ ತರಗತಿಯಲ್ಲಿ ಆ ಭ್ರಮೆಯೇ ವಾರದಿಂದ ವಾರಕ್ಕೆ ಬಲಿಯುತ್ತಿತ್ತು. ಕೊನೆಯ ವಾರದ ಹೊತ್ತಿಗೆ ನನ್ನ ಜೊತೆಗಾರರೊಬ್ಬರು ‘ಈಗ ಯಾರು ಬಂದರೂ ಸೈ’ ಎನ್ನುವಷ್ಟಾಗಿದ್ದರು.

ಕಲಿಸದೆ ಬಿಟ್ಟದ್ದು ಇನ್ನೂ ಹೆಚ್ಚು ಬೇಸರ ತರಿಸಿತು. ಪರ್ಸು ಕೇಳಿದರೆ ಎಸೆದು ಓಡುವುದು, ಓಡಲಾಗದಿದ್ದರೆ ಕುರ್ಚಿಯನ್ನೋ ಬ್ಯಾಗನ್ನೋ ನಡುವೆ ಹಿಡಿಯುವುದು, ಕೂಗಿ ಜನ ಸೇರಿಸುವುದು, 112ಕ್ಕೆ ಕರೆ ಮಾಡುವುದು, ಇವಾವುದಕ್ಕೂ ಹದಿನೆಂಟು ತರಗತಿಗಳಲ್ಲಿ ಹತ್ತು ನಿಮಿಷ ಸಿಗಲಿಲ್ಲ. ಗಾಯವಾದರೆ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು, ನೆಟ್ಟ ಚಾಕುವನ್ನು ಕೀಳಬಾರದು ಎಂಬಷ್ಟನ್ನೂ ಯಾರೂ ಹೇಳಲಿಲ್ಲ. ಚಾಕು ಬಿದ್ದ ಮೇಲೂ ಗುದ್ದು ಕೊಡಿಸುತ್ತಿದ್ದರಲ್ಲ, ಆತ್ಮರಕ್ಷಣೆಯ ಹಕ್ಕಿಗೂ ಮಿತಿಯಿದೆ, ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಂ ಹೇಳುತ್ತದೆ. ಅದರ ಸುದ್ದಿಯೂ ಬರಲಿಲ್ಲ.

ಮಕ್ಕಳನ್ನು ಕರಾಟೆಗೆ ಈ ಶಾಲೆಗೆ ಸೇರಿಸಬಹುದೇ ಎಂದು ಕೇಳಿದರೆ ಧಾರಾಳವಾಗಿ ಸೇರಿಸಿ ಎನ್ನುತ್ತೇನೆ. ಮಗಳ ಶುಲ್ಕವನ್ನು ನಾನು ಮೊನ್ನೆಯಷ್ಟೇ ಕಟ್ಟಿ ಬಂದಿದ್ದೇನೆ. ಚಾಕುವಿನ ಭಯದಿಂದ ಆ 3,500 ರೂಪಾಯಿ ಕೊಡುವ ಯೋಚನೆಯಿದ್ದರೆ ಸದ್ಯಕ್ಕೆ ಬೇಡ. ಕೊನೆಯ ದಿನ ಆ ಬಿಳಿ ಅಂಗಿಯನ್ನು ಮಾಸ್ಟರ್‌ಗೆ ತೋರಿಸಿದೆ. ಅವರು ಕಾಲರಿನ ಹತ್ತಿರದ ಗುರುತನ್ನು ಬೆರಳಿನಿಂದ ಮುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೆನ್ನು ಇಟ್ಟು ಹೋಗಿ ಸರ್, ಮುಂದಿನ ಬ್ಯಾಚಲ್ಲಿ ನೋಡೋಣ” ಎಂದರು. ಮುಂದಿನ ಬ್ಯಾಚು ದಸರಾ ಕಳೆದ ಮೇಲೆ. ಭಿತ್ತಿಪತ್ರ ಮಾತ್ರ ಇನ್ನೂ ಹಳೆಯದೇ ಇದೆ.