ಗಿಟಾರ್, ಕೊರಳು ಮತ್ತು ಕಹೋನ್: ಸಣ್ಣ ತಂಡಕ್ಕೆ ಒಪ್ಪುವ ಲಯವಾದ್ಯ

ಒಂದು ಅಕೂಸ್ಟಿಕ್ ಗಿಟಾರ್ ಮತ್ತು ಒಂದೆರಡು ಕೊರಳುಗಳನ್ನೇ ನೆಚ್ಚಿಕೊಂಡ ತಂಡವು ಕೈಯಿಂದ ನುಡಿಸುವ ಲಯವಾದ್ಯವೊಂದನ್ನು ಸೇರಿಸಿಕೊಂಡ ಮೇಲೂ ಹಾಡಿನ ಸಾಹಿತ್ಯ ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿಸಬೇಕು. ಒಳಗೆ ಝರ್ರೆನ್ನುವ ಸ್ನೇರ್ ತಂತಿಗಳಿರುವ, ಮರದ ಪೆಟ್ಟಿಗೆಯಂತಹ ಕಹೋನನ್ನು ನಾನಿಲ್ಲಿ ಪರಿಶೀಲಿಸುತ್ತಿರುವುದು ಈ ಅಳತೆಗೋಲನ್ನು ಹಿಡಿದುಕೊಂಡೇ. ನಾನು ನುಡಿಸುವುದು ಬರ್ಚ್ ಪ್ಲೈವುಡ್ಡಿನಲ್ಲಿ ಮಾಡಿದ ವಾದ್ಯ. ಅದರ ಒಳಗಿನ ತಂತಿಗಳನ್ನು ಲಿವರ್ ಒಂದರ ಸಹಾಯದಿಂದ ಮುಂಬದಿಯ ಹಲಗೆಗೆ ತಾಗಿಸಿಕೊಳ್ಳಬಹುದು, ಬೇಡವೆಂದಾಗ ಹಿಂದಕ್ಕೆ ಸರಿಸಬಹುದು. ಈ ಮಾದರಿಯ ಕಹೋನ್‌ಗಳನ್ನು ಹಲವು ತಯಾರಕರು ಮಾಡುತ್ತಾರಾದ್ದರಿಂದ ಮುಂದೆ ಹೇಳುವುದರಲ್ಲಿ ಬಹುಪಾಲು ಅವೆಲ್ಲಕ್ಕೂ ಸಲ್ಲುತ್ತದೆ.

ಆ ಲಿವರ್‌ಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ವಾದ್ಯದ ಇತಿಹಾಸದಲ್ಲೇ ಕಾರಣವಿದೆ. ಕಹೋನ್ ರೂಪುಗೊಂಡದ್ದು ಪೆರುವಿನ ಕರಾವಳಿಯಲ್ಲಿ, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮತ್ತು ಅವರ ಸಂತತಿಯವರ ಕೈಯಲ್ಲಿ. 1970ರ ದಶಕದಲ್ಲಿ ಸ್ಪೇನಿನ ಫ್ಲಮೆಂಕೊ ಸಂಗೀತದ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಪೆರುವಿನಲ್ಲಿ ಅದನ್ನು ಕೇಳಿ ಮೆಚ್ಚಿಕೊಂಡು ತಮ್ಮ ತಂಡಕ್ಕೆ ತಂದರು; ತಂಡದಲ್ಲಿದ್ದ ಬ್ರೆಜಿಲ್ ಮೂಲದ ರೂಬೆಂ ದಾಂತಾಸ್ ಅದನ್ನು ನುಡಿಸತೊಡಗಿದರು. ಪೆರುವಿನ ಸಾಂಪ್ರದಾಯಿಕ ಕಹೋನಿನ ಒಳಗೆ ತಂತಿಗಳಿಲ್ಲ. ಫ್ಲಮೆಂಕೊ ವಾದಕರ ಕೈಗೆ ಬಂದ ಮೇಲೆ ಹಲಗೆಯ ಹಿಂದೆ ಗಿಟಾರ್ ತಂತಿಗಳು ಸೇರಿಕೊಂಡು, ಪ್ರತಿ ಪೆಟ್ಟಿನ ದನಿಗೂ ಝರ್ರೆನ್ನುವ ಅಂಚು ಬಂತು. ಪೆರು ದೇಶವು 2001ರಲ್ಲಿ ಕಹೋನನ್ನು ತನ್ನ ರಾಷ್ಟ್ರೀಯ ಪರಂಪರೆಯ ಭಾಗವೆಂದು ಘೋಷಿಸಿತು. ಲಿವರ್ ಇರುವ ವಾದ್ಯದಲ್ಲಿ ಈ ಎರಡೂ ದನಿಗಳು ಒಟ್ಟಿಗೆ ಸಿಗುತ್ತವೆ. ತಂತಿಗಳನ್ನು ಒಳಗೇ ಖಾಯಂ ಆಗಿ ಬಿಗಿದ ಮಾದರಿಯಲ್ಲಿ ಒಂದೇ ಒಂದು ಸಿಗುತ್ತದೆ. ನಿಧಾನಗತಿಯ ಹಾಡಿಗೆ ಬೇಕಾಗುವುದು ಬಹಳ ಸಲ ಸಿಗದೆ ಹೋದ ಆ ಇನ್ನೊಂದೇ.

ವಾದ್ಯದ ರಚನೆ ಸರಳವಾಗಿದೆ. ಎತ್ತರ ಸುಮಾರು 50 ಸೆಂಟಿಮೀಟರ್, ಅಗಲ ಮತ್ತು ಆಳ ಸುಮಾರು 30 ಸೆಂಟಿಮೀಟರ್. ಬದಿಗಳು ದಪ್ಪ, ಬಡಿಯುವ ಮುಂಬದಿ ಮಾತ್ರ ಕೆಲವೇ ಮಿಲಿಮೀಟರ್ ದಪ್ಪದ ತೆಳು ಹಲಗೆ, ಹಿಂಬದಿಯಲ್ಲಿ ಗಾಳಿ ಹೊರಬರಲು ಒಂದು ದುಂಡನೆಯ ರಂಧ್ರ. ವಾದಕ ಇದರ ಮೇಲೆಯೇ ಕುಳಿತು ನುಡಿಸುತ್ತಾನೆ. ಹಲಗೆಯ ಮೇಲಂಚಿನಿಂದ ಒಂದು ಗೇಣು ಕೆಳಗೆ ಅಂಗೈಯಿಂದ ಹೊಡೆದು, ತಾಗಿದ ಕ್ಷಣವೇ ಕೈಯನ್ನು ಹಿಂದಕ್ಕೆ ಚಿಮ್ಮಲು ಬಿಟ್ಟರೆ ದುಂಡಗಿನ ಮಂದ್ರ ನಾದ ಹೊರಡುತ್ತದೆ. ಕೈ ಹಲಗೆಯ ಮೇಲೆಯೇ ಉಳಿದರೆ ಅದೇ ಪೆಟ್ಟು ಬರೀ ಧಡ್ ಎಂದು ಸತ್ತುಹೋಗುತ್ತದೆ. ಮೇಲಂಚಿಗೆ ಬೆರಳುಗಳ ತುದಿಯಿಂದ ಹೊಡೆದರೆ ಹರಿತವಾದ ಸ್ಲ್ಯಾಪ್ ಬರುತ್ತದೆ. ಮೇಲಿನ ಎರಡು ಮೂಲೆಗಳಲ್ಲಿರುವ ಸ್ಕ್ರೂಗಳನ್ನು ಸ್ವಲ್ಪ ಸಡಿಲಿಸಿದರೆ ಹಲಗೆಯ ಅಂಚು ಚೌಕಟ್ಟಿಗೆ ಬಡಿದು ಸ್ಲ್ಯಾಪ್ ಇನ್ನಷ್ಟು ಚುರುಕಾಗುತ್ತದೆ. ನನ್ನ ವಾದ್ಯದಲ್ಲಿ ಕಾಲು ಸುತ್ತಿನ ತಿರುವಿಗೇ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ನುಡಿಸುತ್ತ ಹೋದಂತೆ ಅದುರಿನಿಂದ ಈ ಸ್ಕ್ರೂಗಳು ತಾವಾಗಿಯೇ ಸಡಿಲವಾಗುವುದೂ ಉಂಟಾದ್ದರಿಂದ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್ ಸದಾ ಇರಬೇಕು.

ಇನ್ನು ಗಿಟಾರಿನ ಜೊತೆಗಿನ ಹೊಂದಾಣಿಕೆಯ ಮಾತು. ಸಣ್ಣ ತಂಡಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಗಿಟಾರನ್ನು ಸ್ಟ್ರಮ್ ಮಾಡುವ, ಅಂದರೆ ತಂತಿಗಳನ್ನು ಒಟ್ಟಿಗೆ ಸವರಿ ನುಡಿಸುವ ಬಲಗೈ ಈಗಾಗಲೇ ಒಂದು ಲಯವಾದ್ಯ. ಡ್ರಮ್ ಸೆಟ್ಟಿನಲ್ಲಿ ಹೈ-ಹ್ಯಾಟ್ ಮಾಡುವ ಕೆಲಸವನ್ನು, ಅಂದರೆ ಎಣಿಕೆಯನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು ತೋರಿಸುವ ಕೆಲಸವನ್ನು, ಆ ಕೈ ಮಾಡುತ್ತಲೇ ಇರುತ್ತದೆ. ಕಹೋನ್ ನುಡಿಸುವವರು ಅದೇ ಸಣ್ಣ ಭಾಗಗಳನ್ನು ಬೆರಳುಗಳಿಂದ ತುಂಬಿಸಲು ಹೊರಟರೆ ಇಬ್ಬರೂ ಒಂದೇ ಮಾತನ್ನು ಏಕಕಾಲಕ್ಕೆ ಹೇಳಿದಂತಾಗುತ್ತದೆ. ಇಬ್ಬರ ಕಾಲಪ್ರಮಾಣದಲ್ಲಿ ಕೂದಲೆಳೆಯಷ್ಟು ಅಂತರವಿದ್ದರೂ ಅದು ಗಲಿಬಿಲಿಯಾಗಿ ಕೇಳುತ್ತದೆ. ಮೊದಲ ಎಣಿಕೆಗೆ ಮಂದ್ರ, ಎರಡು ಮತ್ತು ನಾಲ್ಕಕ್ಕೆ ಹಗುರವಾದ ಸ್ಲ್ಯಾಪ್, ಮೂರರ ಆಸುಪಾಸಿನಲ್ಲಿ ಹಾಡಿನ ಎತ್ತುಗಡೆಗೆ ತಕ್ಕಂತೆ ಮತ್ತೊಂದು ಮಂದ್ರ, ಇಷ್ಟರಲ್ಲೇ ಬಹಳಷ್ಟು ಹಾಡುಗಳು ನಿಲ್ಲುತ್ತವೆ. ಮೂರರ ಎಣಿಕೆಯ ತಿಶ್ರ ನಡೆಯ ಹಾಡಾದರೆ ಇದಕ್ಕಿಂತಲೂ ಕಡಿಮೆ ಸಾಕು. ಚರಣದಲ್ಲಿ ತಂತಿಗಳನ್ನು ಸರಿಸಿ ಬರೀ ಮರದ ದನಿಯಲ್ಲಿ ನುಡಿಸಿ, ಪಲ್ಲವಿಗೆ ಮರಳುವಾಗ ಲಿವರ್ ಎಳೆದು ತಂತಿಗಳನ್ನು ತಾಗಿಸಿಕೊಂಡರೆ, ಪೆಟ್ಟಿನ ಬಲವನ್ನು ಹೆಚ್ಚಿಸದೆಯೇ ಹಾಡು ಮೇಲೇರಿದಂತೆ ಅನಿಸುತ್ತದೆ. ಈ ವಾದ್ಯ ನಮ್ಮ ತಂಡಕ್ಕೆ ಕೊಟ್ಟ ಅತ್ಯಂತ ಉಪಯುಕ್ತವಾದ ಸಾಧ್ಯತೆ ಇದು.

ಗಿಟಾರ್ ವಾದಕರೂ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಆರನೆಯ ತಂತಿಯ ಕಂಪನ ಸುಮಾರು 82 ಹರ್ಟ್ಸ್. ಕಹೋನಿನ ಮಂದ್ರ ನಾದವೂ ಹೆಚ್ಚುಕಡಿಮೆ ಅದರ ಆಸುಪಾಸಿನಲ್ಲೇ ಇರುತ್ತದೆ. ಮೊದಲ ಎಣಿಕೆಯಲ್ಲಿ ಎರಡೂ ಜೋರಾಗಿ ಬಂದರೆ ಕೆಳಸ್ತರದಲ್ಲಿ ಮಬ್ಬು ಕವಿಯುತ್ತದೆ. ಆ ಎಣಿಕೆಯಲ್ಲಿ ಗಿಟಾರ್ ವಾದಕರು ಮೇಲಿನ ಸ್ಥಾಯಿಯ ನಾಲ್ಕು ತೆಳು ತಂತಿಗಳಿಗಷ್ಟೇ ಕೈಯಾಡಿಸಿದರೆ, ಇಲ್ಲವೇ ಮಿಕ್ಸರ್‌ನಲ್ಲಿ ಗಿಟಾರಿನ 100 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ಇಳಿಸಿದರೆ, ಕಹೋನ್ ತಾನಾಗಿಯೇ ಬೇಸ್ ಡ್ರಮ್ಮಿನ ಸ್ಥಾನಕ್ಕೆ ಬಂದು ಕೂರುತ್ತದೆ. ಸ್ಲ್ಯಾಪ್‌ನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಅದರ ಹರಿತವಾದ ಅಂಶವಿರುವುದು ವ್ಯಂಜನಗಳು ಸ್ಪಷ್ಟವಾಗಿ ಕೇಳಿಸುವ ಎತ್ತರದ ಸ್ತರದಲ್ಲೇ ಆದ್ದರಿಂದ, ಸಾಲಿನ ಮುಖ್ಯ ಪದದ ಮೇಲೆ ಬಿದ್ದ ಜೋರು ಸ್ಲ್ಯಾಪ್ ಆ ಪದವನ್ನು ಅಳಿಸಿಬಿಡುತ್ತದೆ. ಹಾಡಿನ ಸಾಹಿತ್ಯವನ್ನು ಬಾಯಲ್ಲಿ ಗುನುಗಿಕೊಂಡೇ ನುಡಿಸುವವರನ್ನು ಕಹೋನಿಗೆ ಕೂರಿಸಬೇಕೆಂದು ನಾನು ಹೇಳುವುದು ಇದಕ್ಕಾಗಿ.

ತಂತಿಗಳಿಂದ ಒಂದು ತೊಂದರೆಯೂ ಇದೆ. ಕಹೋನನ್ನು ಯಾರೂ ಮುಟ್ಟದಿದ್ದರೂ ಗಿಟಾರಿನ ಕೆಲವು ಸ್ವರಗಳಿಗೆ ಅವು ತಾವಾಗಿ ಝಂಯ್ ಎನ್ನುತ್ತವೆ. ಪಕ್ಕದಲ್ಲಿ ಮಾನಿಟರ್ ಸ್ಪೀಕರ್ ಇದ್ದರಂತೂ ಗಾಯಕಿ ಮೆಲುದನಿಯಲ್ಲಿ ಹಾಡು ಎತ್ತಿಕೊಂಡಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಲಿವರ್ ಇರುವ ವಾದ್ಯದಲ್ಲಿ ಇದನ್ನು ಸುಲಭವಾಗಿ ತಡೆಯಬಹುದು. ಖಾಯಂ ತಂತಿಗಳ ವಾದ್ಯದಲ್ಲಾದರೆ ತಂತಿಗಳಿಗೆ ಬಟ್ಟೆಯ ಪಟ್ಟಿ ಅಂಟಿಸಬೇಕಾಗುತ್ತದೆ.

ಸಣ್ಣ ಕೋಣೆಯಲ್ಲಿ ಕಹೋನಿಗೆ ಮೈಕ್ ಬೇಡ. ದೊಡ್ಡ ಸಭಾಂಗಣದಲ್ಲಿ ಒಂದೇ ಮೈಕ್ ಇರುವುದಾದರೆ ಅದನ್ನು ಹಿಂಬದಿಯ ರಂಧ್ರದ ಹತ್ತಿರ, ನಡುವಿಗೆ ನೇರವಾಗಿ ಅಲ್ಲದೆ ಸ್ವಲ್ಪ ಓರೆಯಾಗಿ ಇಡುವುದು ಒಳ್ಳೆಯದು, ಏಕೆಂದರೆ ಸ್ಲ್ಯಾಪ್ ಹೇಗೂ ಬರಿಗಿವಿಗೆ ದೂರದವರೆಗೆ ತಲುಪುತ್ತದೆ, ಮಂದ್ರ ತಲುಪುವುದಿಲ್ಲ. ಮುಂದೊಂದು ಹಿಂದೊಂದು ಮೈಕ್ ಇಟ್ಟಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಹಲಗೆ ಒಳಕ್ಕೆ ಬಾಗಿದಾಗ ಮುಂದಿನ ಮೈಕಿನಿಂದ ಗಾಳಿ ದೂರ ಸರಿಯುತ್ತದೆ, ಅದೇ ಹೊತ್ತಿಗೆ ರಂಧ್ರದಿಂದ ಹೊರಟ ಗಾಳಿ ಹಿಂದಿನ ಮೈಕಿನ ಕಡೆಗೆ ನುಗ್ಗುತ್ತದೆ. ಎರಡೂ ಸಂಕೇತಗಳು ಒಂದನ್ನೊಂದು ಕಳೆಯುವುದರಿಂದ ಮಂದ್ರ ತೆಳುವಾಗುತ್ತದೆ. ಮಿಕ್ಸರ್‌ನಲ್ಲಿ ಒಂದು ಚಾನೆಲ್ಲಿನ, ಸಂಕೇತವನ್ನು ತಲೆಕೆಳಗು ಮಾಡುವ ಪೋಲಾರಿಟಿ ಗುಂಡಿಯನ್ನು ಒತ್ತಿದರೆ ಸಾಕು, ಕಳೆದುಹೋದ ತುಂಬುನಾದ ಮರಳುತ್ತದೆ. ಸೌಂಡ್ ಚೆಕ್ ಮಾಡುವಾಗ ಇದನ್ನು ಕೇಳಿ ಮಾಡಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಬೇರೆ ವಾದ್ಯಗಳ ಜೊತೆ ಹೋಲಿಸದೆ ಈ ವಿಮರ್ಶೆ ಪೂರ್ಣವಾಗದು. ಕೈಯಿಂದ ನುಡಿಸುವ ಆಫ್ರಿಕಾದ ಚರ್ಮವಾದ್ಯ ಜೆಂಬೆಯ ನಾದಕ್ಕಿರುವ ಮೈದುಂಬಿದ ಸೊಗಸು ಕಹೋನಿಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಜೆಂಬೆ ಒಂದು ಗಿಟಾರನ್ನು ಬಹಳ ಬೇಗ ಮುಳುಗಿಸುತ್ತದೆ, ಮೇಲಾಗಿ ಅದರ ಚರ್ಮ ತೇವದ ಹವೆಗೆ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಕಹೋನಿನ ಮರಕ್ಕೆ ಅಷ್ಟು ಬೇಗ ಹಾಗಾಗುವುದಿಲ್ಲ. ಟ್ಯಾಂಬೊರಿನ್ ಪಲ್ಲವಿಗೆ ಮಾತ್ರ ಸಾಕು. ಅಲುಗಾಡಿಸಿ ನುಡಿಸುವ ಶೇಕರ್ ಮಾತ್ರ ನಿಜಕ್ಕೂ ಕಹೋನಿನ ಒಳ್ಳೆಯ ಜೊತೆಗಾರ: ಗಿಟಾರ್ ವಾದಕರು ಸ್ಟ್ರಮ್ ಬಿಟ್ಟು ಬಿಡಿ ತಂತಿಗಳನ್ನು ಮೀಟುವ ಹಾಡುಗಳಲ್ಲಿ ಒಂದು ಕೈಯಲ್ಲಿ ಶೇಕರ್, ಇನ್ನೊಂದು ಕೈಯಲ್ಲಿ ಮಂದ್ರ ಎಂದು ಹಂಚಿಕೊಂಡರೆ ಲಯದ ನೇಯ್ಗೆ ಎಲ್ಲಿಯೂ ಹರಿಯುವುದಿಲ್ಲ. ನೈಲಾನ್ ಬ್ರಷ್‌ನಿಂದ ಹಲಗೆಯನ್ನು ಸವರಿದರೂ ಮೆಲುದನಿಯ ಹಾಡುಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಕುಳಿತುಕೊಳ್ಳುವ ಭಂಗಿಯೇ ಈ ವಾದ್ಯದ ದೊಡ್ಡ ಕೊರತೆ. ಮಂದ್ರಕ್ಕಾಗಿ ಪದೇ ಪದೇ ಮುಂದಕ್ಕೆ ಬಾಗುವುದರಿಂದ ದೀರ್ಘ ಕಾರ್ಯಕ್ರಮದಲ್ಲಿ ಸೊಂಟ ನೋಯುತ್ತದೆ. ಪೆಟ್ಟಿಗೆಯನ್ನು ತುಸು ಹಿಂದಕ್ಕೆ ವಾಲಿಸಿ, ಮೇಲೆ ತೆಳುವಾದ ಮೆತ್ತೆ ಹಾಕಿಕೊಂಡರೆ ಸಹಿಸಬಹುದು. ಎತ್ತರದ ವಾದಕರು 50 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಾದರಿಯ ಗೋಜಿಗೆ ಹೋಗದಿರುವುದೇ ಲೇಸು. ಡ್ರಮ್ ಸೆಟ್ ಇರುವ ತಂಡಕ್ಕಾಗಲಿ, ಗಿಟಾರ್ ವಾದಕರೇ ಗಿಟಾರಿನ ಒಡಲಿನ ಮೇಲೆ ತಟ್ಟುತ್ತ ನುಡಿಸುವ ಶೈಲಿಗಾಗಲಿ ಇದರ ಅಗತ್ಯವಿಲ್ಲ. ಕೊಳ್ಳುವುದಾದರೆ ಗಿಟಾರ್ ವಾದಕರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ನುಡಿಸುತ್ತಿರುವಾಗ ಲಿವರ್ ಸರಿಸಿ ತಂತಿಗಳು ಸಂಪೂರ್ಣವಾಗಿ ಮೌನವಾಗುತ್ತವೆಯೇ ಎಂದು ಕೇಳಿ ನೋಡಬೇಕು, ಮಂದ್ರದ ಪೆಟ್ಟನ್ನು ವಾದ್ಯದ ಮುಂದೆ ಕೆಲವು ಹೆಜ್ಜೆ ದೂರ ನಿಂತ ಮತ್ತೊಬ್ಬರ ಕಿವಿಯಿಂದ ಪರೀಕ್ಷಿಸಬೇಕು, ಏಕೆಂದರೆ ಮೇಲೆ ಕುಳಿತವರಿಗೆ ಆ ನಾದ ಎಂದೂ ಪೂರ್ತಿಯಾಗಿ ಕೇಳಿಸುವುದಿಲ್ಲ.