ಕುದುರೆಮುಖದ ಟಿಕೆಟ್ ಮಾಡಿಸಿಕೊಡ್ತೀನಿ ಅನ್ನೋರಿಗೆ ದುಡ್ಡು ಹಾಕಬೇಡಿ

ಮೊದಲೇ ಹೇಳಿಬಿಡುತ್ತೇನೆ. ಹೋದದ್ದು 16,800 ರೂಪಾಯಿ. ಆರು ಜನರದ್ದು. ನಂಬರ್ ಹುಡುಕಿದ್ದು ನಾನು, ದುಡ್ಡು ಹಾಕಿದ್ದು ನಾನು, ‘ನೀವ್ಯಾರೂ ತಲೆ ಕೆಡಿಸ್ಕೋಬೇಡಿ, ನಾನು ನೋಡ್ಕೋತೀನಿ’ ಅಂದವನೂ ನಾನೇ. ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಹತ್ತು ರೂಪಾಯಿ ಬಿಲ್ಲನ್ನೂ ಎರಡು ಸಲ ತಿರುಗಿಸಿ ನೋಡುತ್ತೇನೆ. ಅಂಥವನು ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ. ಆದರೆ ಆ ಆಸಾಮಿ ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇನ್ನೂ ಪೋಸ್ಟರ್ ಹಾಕುತ್ತಲೇ ಇದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು, ನನ್ನ ಹೆಂಡತಿ, ಇಬ್ಬರು ಸ್ನೇಹಿತರು, ಅವರ ಮನೆಯವರು. ಮೂರು ಜೋಡಿ, ಒಂದು ಇನ್ನೋವಾ. ಕುದುರೆಮುಖ ಹತ್ತಬೇಕು ಅನ್ನೋದು ನನ್ನ ಹೆಂಡತಿಯ ಆಸೆ. ಅಲ್ಲಿಗೆ ದಿನಕ್ಕೆ 300 ಜನರನ್ನು ಮಾತ್ರ ಬಿಡುತ್ತಾರೆ, ಟಿಕೆಟ್ಟನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲೇ ತಗೋಬೇಕು. ನಿಮಗೂ ಗೊತ್ತಿರುತ್ತದೆ, ಶನಿವಾರದ ಟಿಕೆಟ್ ನೋಡುವಷ್ಟರಲ್ಲಿ ಖಾಲಿ. ನಮಗೂ ಹಾಗೇ ಆಯಿತು. ಅಷ್ಟರಲ್ಲಿ ಈ ಪೋಸ್ಟರ್ ಕಣ್ಣಿಗೆ ಬಿತ್ತು. ತಲೆಗೆ 2,800. ಟಿಕೆಟ್, ಹೋಮ್‌ಸ್ಟೇ, ಜೀಪ್, ಗೈಡ್, ಊಟ ಎಲ್ಲ ಸೇರಿ.

ಫೋನ್ ಮಾಡಿದೆ. ‘ಟಿಕೆಟ್ ಖಾಲಿ ಅಂತ ತೋರಿಸ್ತಿದೆಯಲ್ಲಪ್ಪ?’ ಅಂದೆ. ‘ನಿಮ್ಗೆ ಹಂಗೆ ತೋರ್ಸುತ್ತೆ ಅಣ್ಣಾ, ನಮ್ಮ ಹತ್ರ ಕೋಟಾ ಇದೆ’ ಅಂದ.

ಕೋಟಾ! ರೈಲಿಗೆ ಕೋಟಾ ಇದೆ, ಸೀಟಿಗೆ ಕೋಟಾ ಇದೆ. ಬೆಟ್ಟ ಹತ್ತೋಕೆ ಯಾವ ಕೋಟಾ? ಈಗ ಕೇಳುತ್ತೇನೆ. ಆಗ ಕೇಳಲಿಲ್ಲ. 10,000 ಅಡ್ವಾನ್ಸ್ ಹಾಕಿದೆ. ಫೋನ್‌ಪೇಯಲ್ಲಿ ಅವನು ಹೇಳಿದ ಹೆಸರೇ ಬರಲಿಲ್ಲ, ಬೇರೆ ಯಾರದೋ ಹೆಸರು ಬಂತು. ಕೇಳಿದ್ದಕ್ಕೆ ‘ನಮ್ಮ ಪಾರ್ಟ್ನರ್ದು ಅಣ್ಣಾ’ ಅಂದ. ಅದನ್ನೂ ಒಪ್ಪಿಕೊಂಡೆ. ಹೊರಡುವ ಹಿಂದಿನ ರಾತ್ರಿ, ‘ಬ್ಯಾಲೆನ್ಸ್ ಹಾಕಿದ್ರೆ ಟಿಕೆಟ್ ಕಳಿಸ್ತೀನಿ.’ ಉಳಿದ 6,800 ಕೂಡ ಹಾಕಿದೆ. ಐದೇ ನಿಮಿಷಕ್ಕೆ ಪಿಡಿಎಫ್ ಬಂತು. ನಮ್ಮ ಆರೂ ಜನರ ಹೆಸರು, ತಾರೀಖು, ಬುಕಿಂಗ್ ನಂಬರ್, ಎಲ್ಲ ಇತ್ತು. ಗ್ರೂಪಿಗೆ ಹಾಕಿ ಹೆಬ್ಬೆರಳು ಎತ್ತಿಸಿಕೊಂಡೆ.

ಶುಕ್ರವಾರ ಮಧ್ಯಾಹ್ನ ಹೊರಟೆವು. ಚನ್ನಗಿರಿ, ಭದ್ರಾವತಿ, ಎನ್.ಆರ್. ಪುರ, ಬಾಳೆಹೊನ್ನೂರು, ಕಳಸ. ದಾರಿ ತುಂಬ ಮಂಡಕ್ಕಿ, ಮೆಣಸಿನಕಾಯಿ, ನಗು. ಸಂಸೆ ಹತ್ತಿರದ ಹೋಮ್‌ಸ್ಟೇಗೆ ಹೋದಾಗ ಯಜಮಾನರು ನಿಧಾನಕ್ಕೆ ಹೇಳಿದರು, ‘ನಿಮ್ಮ ಹೆಸರು ಬರ್ಸಿದಾರೆ, ಆದ್ರೆ ಸಾವಿರ ರೂಪಾಯಿ ಬಿಟ್ರೆ ಏನೂ ಬಂದಿಲ್ಲ.’ ಅಲ್ಲೇ ಎಚ್ಚರ ಆಗಬೇಕಿತ್ತು. ನಾನು, ‘ಬೆಳಿಗ್ಗೆ ಹಾಕ್ತಾರೆ ಬಿಡಿ’ ಅಂತ ಅವನ ಪರವಾಗಿ ವಕಾಲತ್ತು ಮಾಡಿದೆ!

ಬೆಳಿಗ್ಗೆ ಜೀಪಿನಲ್ಲಿ ಎಲುಬೆಲ್ಲ ಕುಲುಕಿಸಿಕೊಂಡು, ಟ್ರೆಕ್ ಶುರುವಾಗುವ ಮುಳ್ಳೋಡಿಗೆ ಹೋದೆವು. ಆ ಜೀಪಿನ ದುಡ್ಡೂ ನಾವೇ ಕೊಟ್ಟಿದ್ದು. ಟಿಕೆಟ್ ನೋಡುವವರಿಗೆ ಮೊಬೈಲ್ ಕೊಟ್ಟೆ. ಅವರು ತಮ್ಮ ಪಟ್ಟಿಯಲ್ಲಿ ನಂಬರ್ ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ಪಿಡಿಎಫ್ ಮೇಲೆ ಎರಡು ಬೆರಳಿಟ್ಟು ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದರು.

‘ಇಲ್ಲಿ ನೋಡಿ ಸಾರ್.’

ತಾರೀಖಿನ ಹಿಂದೆ ಒಂದು ಬಿಳಿ ಚೌಕ. ಉಳಿದ ಕಾಗದ ಸ್ವಲ್ಪ ಬೂದು, ಆ ಚೌಕ ಮಾತ್ರ ಹಾಲಿನಷ್ಟು ಬಿಳಿ. ಗೋಡೆಗೆ ತೇಪೆ ಹಾಕಿ ಸುಣ್ಣ ಬಳಿದ ಹಾಗೆ. ನಮ್ಮ ಹೆಸರುಗಳ ಅಕ್ಷರ ಬೇರೆ, ಕೆಳಗಿನ ಅಕ್ಷರ ಬೇರೆ. ಯಾರದೋ ಹಳೇ ಟಿಕೆಟ್ಟಿನ ಮೇಲೆ ನಮ್ಮ ಹೆಸರು ಅಂಟಿಸಿ ಕಳಿಸಿದ್ದ. ಗುರುವಾರ ರಾತ್ರಿಯಿಂದ ಆರೂ ಜನರ ಮೊಬೈಲಿನಲ್ಲಿ ಅದು ಇತ್ತು. ಒಬ್ಬರೂ ದೊಡ್ಡದು ಮಾಡಿ ನೋಡಿರಲಿಲ್ಲ.

ಹಿಂದೆ ಸಾಲು ನಿಂತಿತ್ತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಹೆಂಡತಿ ಏನೂ ಅನ್ನಲಿಲ್ಲ, ಹೆಗಲಿನ ಬ್ಯಾಗ್ ಇಳಿಸಿ ಕಲ್ಲಿನ ಮೇಲೆ ಇಟ್ಟಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸ್ನೇಹಿತನ ಹೆಂಡತಿ, ‘ಹೋಗ್ಲಿ ಬಿಡಣ್ಣಾ, ಕಾಡಾದ್ರೂ ನೋಡಿದ್ವಲ್ಲ’ ಅಂದಳು. ಅದು ಇನ್ನೂ ಚುಚ್ಚಿತು.

ಇಲಾಖೆಯವರ ತಪ್ಪೇನೂ ಇಲ್ಲ. ಟಿಕೆಟ್ ಇಲ್ಲದೆ ಬಿಡೋ ಹಾಗಿಲ್ಲ, ಬಿಡಲಿಲ್ಲ.

ಸಿಗ್ನಲ್ ಸಿಕ್ಕ ಕಡೆ ಬಂದು ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಓದಿ.

‘ಸರ್ವರ್ ಪ್ರಾಬ್ಲಮ್ ಸರ್, ಅರ್ಧ ಗಂಟೆ ವೇಟ್ ಮಾಡಿ.’

ಒಂದು ಗಂಟೆ ಆದ ಮೇಲೆ, ‘ಗಾರ್ಡ್ ಹತ್ರ ಸ್ವಲ್ಪ ಮಾತಾಡ್ಕೊಳ್ಳಿ ಸರ್, ಬಿಡ್ತಾರೆ.’ ಅಂದರೆ ಲಂಚ ಕೊಡಿ ಅಂತ. ಅದೂ ನಮ್ಮ ದುಡ್ಡಲ್ಲಿ.

ದುಡ್ಡು ವಾಪಸ್ ಕೊಡು ಅಂದೆ. ‘ಟಿಕೆಟ್ ಗ್ಯಾರಂಟಿ ಅಂತ ನಾನು ಎಲ್ಲೂ ಹೇಳಿಲ್ಲ. ಅರೇಂಜ್‌ಮೆಂಟ್ ಅಂತ ಹೇಳಿದ್ದು. ಪಾಲಿಸಿ ಪ್ರಕಾರ ರಿಫಂಡ್ ಇಲ್ಲ, ಮುಂದಿನ ಟ್ರಿಪ್‌ನಲ್ಲಿ ಅಡ್ಜಸ್ಟ್ ಮಾಡ್ತೀನಿ.’

ಪೊಲೀಸ್ ಅಂದೆ. ‘ನೀನು ಮಾತಾಡೋ ರೀತಿ ಸರಿ ಇಲ್ಲ ಬ್ರೋ.’ ಆಮೇಲೆ ಬ್ಲಾಕ್.

ದುಡ್ಡು ಹಾಕುವವರೆಗೂ ಅಣ್ಣಾ. ಹಾಕಿದ ಮೇಲೆ ಸರ್. ಕೇಳಿದ ಮೇಲೆ ನೀನು. ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವನು, ದನಿಯಲ್ಲೇ ಗೊತ್ತಾಗುತ್ತದೆ. 16,800ಕ್ಕಿಂತ ಆ ‘ನೀನು’ ಜಾಸ್ತಿ ಉರಿಯುತ್ತಿದೆ, ನಿಜ ಹೇಳಬೇಕೆಂದರೆ.

ಬಂದದ್ದಕ್ಕೆ ಕುದುರೆಮುಖ ಊರಿನ ಕಡೆ ಒಂದು ಸುತ್ತು ಹೋದೆವು. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಕಾಲೋನಿ ಎಲ್ಲ ಬಿಕೋ ಅನ್ನುತ್ತದೆ. ಮುಂದೆ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆ. ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ. ನಡೆಯೋಕೆ ಬಂದ ಬೆಟ್ಟವನ್ನು ಕಾರಿನ ಕಿಟಕಿಯಿಂದ ನೋಡಿದ್ದಾಯಿತು.

ಊರಿಗೆ ಬಂದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದೂರಿನ ನಂಬರ್ ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ಮೋಸ ಗೊತ್ತಾದ ಕೂಡಲೇ ಅಲ್ಲಿಂದಲೇ ಮಾಡಬೇಕಿತ್ತು. ನಾನು ಅವನ ‘ಅರ್ಧ ಗಂಟೆ’ ಕಾಯುತ್ತಾ ಕೂತೆ, ಆಮೇಲೆ ಎರಡು ದಿನ ಸುಮ್ನೆ ಕಳೆದೆ. ನೀವು ಕಾಯಬೇಡಿ.

ಟಿಕೆಟ್ ನಿಮ್ಮ ಮೊಬೈಲಿನಿಂದ, ನಿಮ್ಮ ಲಾಗಿನ್‌ನಿಂದ ನೀವೇ ಮಾಡಿ. ಸಿಗದಿದ್ದರೆ ಹೋಗಬೇಡಿ, ಬುಧವಾರ ರಜೆ ಹಾಕಿ ಹೋಗಿ. ‘ಕೋಟಾ’ ಅಂದವನ ಫೋನ್ ಅಲ್ಲೇ ಇಟ್ಟುಬಿಡಿ. ಯಾರಾದರೂ ಪಿಡಿಎಫ್ ಕಳಿಸಿದರೆ ತಾರೀಖನ್ನು ದೊಡ್ಡದು ಮಾಡಿ ನೋಡಿ. ದೊಡ್ಡದು ಮಾಡಿ ನೋಡಿ!

ಸ್ನೇಹಿತರ ಪಾಲಿನ 11,200 ನಾನೇ ಕೊಡೋಕೆ ಹೋದೆ. ಒಬ್ಬ ತಗೊಂಡ. ಇನ್ನೊಬ್ಬ ‘ಲೇ, ಇಟ್ಕೋ, ನಿಂಗೂ ಕೋಟಾ ಬೇಕಲ್ಲ’ ಅಂತ ನಕ್ಕ. ಈಗ ಗ್ರೂಪಿನಲ್ಲಿ ನನ್ನ ಹೆಸರೇ ಕೋಟಾ. ಹೆಂಡತಿ ಟ್ರೆಕ್ಕಿಗೆ ಅಂತ ಆಸೆಯಿಂದ ತಗೊಂಡ ಶೂ ಹಾಕಿಕೊಂಡು ದಿನಾ ಬೆಳಿಗ್ಗೆ ಹಾಲು ತರೋಕೆ ಹೋಗುತ್ತಾಳೆ.